ಎಂಎಲ್‌ಎ ತೀರಿಕೊಂಡರೆ ಮುಂದೇನು? ಮಂಜೇಶ್ವರದ ಉಪಚುನಾವಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕ್ಷೇತ್ರದಲ್ಲಿ, ಉಪ್ಪಳದ ಹತ್ತಿರ. ಕೆಲಸ ಮಂಗಳೂರಿನಲ್ಲಿ. ದಿನಕ್ಕೆ ಎರಡು ಸಲ ತಲಪಾಡಿಯ ರಾಜ್ಯ ಗಡಿ ದಾಟುತ್ತೇನೆ. 2018ರ ಕೊನೆಯಿಂದ 2019ರ ಕೊನೆಯವರೆಗೆ ಆಫೀಸಿನಲ್ಲಿ ಯಾರಾದರೂ "ನಿಮ್ಮ ಕಡೆ ಎಂಎಲ್‌ಎ ಯಾರು?" ಎಂದು ಕೇಳಿದರೆ "ಸದ್ಯಕ್ಕೆ ಯಾರೂ ಇಲ್ಲ" ಎನ್ನಬೇಕಾಗಿತ್ತು. "ಯಾರೂ ಇಲ್ಲ ಅಂದ್ರೆ?" ಎಂದು ಅವರು ಹುಬ್ಬೇರಿಸುತ್ತಿದ್ದರು. ಅಲ್ಲಿಂದ ಶುರುವಾದರೆ ಚಹಾ ತಣ್ಣಗಾಗುವವರೆಗೂ ಪ್ರಶ್ನೆಗಳು. ಈಗಲೂ ಎಲ್ಲಾದರೂ ಉಪಚುನಾವಣೆ ಬಂದರೆ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮಂಜೇಶ್ವರದಲ್ಲಿ ಉಪಚುನಾವಣೆ ಯಾಕೆ ಬಂತು?

ಶಾಸಕರಾಗಿದ್ದ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರು 2018ರ ಅಕ್ಟೋಬರ್ 20ರಂದು ತೀರಿಕೊಂಡರು. 2011ರಲ್ಲಿ ಮೊದಲ ಸಲ ಗೆದ್ದಿದ್ದರು, 2016ರಲ್ಲಿ ಎರಡನೇ ಸಲ. ಅವರಿಗಿಂತ ಮೊದಲು, 2018ರ ಜುಲೈಯಲ್ಲಿ, ಚೆರ್ಕಳಂ ಅಬ್ದುಲ್ಲ ಅವರೂ ತೀರಿಕೊಂಡಿದ್ದರು. 1987ರಿಂದ 2006ರವರೆಗೆ ಮಂಜೇಶ್ವರದ ಶಾಸಕ ಎಂದರೆ ಅವರೇ. ಮೂರು ತಿಂಗಳ ಅಂತರದಲ್ಲಿ ಹಳೆಯ ಶಾಸಕರೂ ಇಲ್ಲ, ಹಾಲಿ ಶಾಸಕರೂ ಇಲ್ಲ ಎಂದಾಯಿತು.

ಖಾಲಿ ಸೀಟಿಗೆ ಎಷ್ಟು ದಿನದೊಳಗೆ ಚುನಾವಣೆ ಆಗಬೇಕು?

ಆರು ತಿಂಗಳು. ಜನಪ್ರತಿನಿಧಿ ಕಾಯ್ದೆಯ 151ಎ ಕಲಂ ಹೀಗೆ ಹೇಳುತ್ತದೆ. ಲೆಕ್ಕ ಶುರುವಾಗುವುದು ಸೀಟು ಖಾಲಿಯಾದ ದಿನದಿಂದ. ರಾಜೀನಾಮೆಯಾದರೆ ಸ್ಪೀಕರ್ ಅದನ್ನು ಒಪ್ಪಬೇಕು, ಸಾವಿಗೆ ಯಾರ ಒಪ್ಪಿಗೆಯೂ ಬೇಡ.

ಎರಡು ವಿನಾಯಿತಿ ಇದೆ. ವಿಧಾನಸಭೆಯ ಅವಧಿಯಲ್ಲಿ ಆ ಸೀಟಿಗೆ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಆರು ತಿಂಗಳ ನಿಯಮ ಕಟ್ಟಿಹಾಕುವುದಿಲ್ಲ. ಹೇಳಿದ ಸಮಯದೊಳಗೆ ನಡೆಸುವುದು ಕಷ್ಟ ಎಂದು ಕೇಂದ್ರ ಸರಕಾರದ ಜೊತೆ ಮಾತಾಡಿ ಚುನಾವಣಾ ಆಯೋಗವೇ ಬರೆದುಕೊಟ್ಟರೂ ಮುಂದೂಡಬಹುದು. ಕೇರಳದಲ್ಲೇ ಉದಾಹರಣೆ ಇದೆ. ಕುಟ್ಟನಾಡಿನ ಥಾಮಸ್ ಚಾಂಡಿ 2019ರ ಡಿಸೆಂಬರಿನಲ್ಲಿ, ಚವರದ ವಿಜಯನ್ ಪಿಳ್ಳೈ 2020ರ ಮಾರ್ಚಿನಲ್ಲಿ ತೀರಿಕೊಂಡರು. ನಡುವೆ ಕೊರೊನಾ ಬಂತು, ಅವಧಿಯೂ ಮುಗಿಯುತ್ತಾ ಬಂತು. ಎರಡೂ ಕಡೆ ಉಪಚುನಾವಣೆ ಆಗಲೇ ಇಲ್ಲ.

ಆರು ತಿಂಗಳು ಕೊನೆಯ ಗಡುವು ಅಷ್ಟೆ, ಬೇಗ ಮಾಡಬಾರದು ಎಂದೇನಿಲ್ಲ. ಪುದುಪ್ಪಳ್ಳಿಯ ಉಮ್ಮನ್ ಚಾಂಡಿ ತೀರಿಕೊಂಡದ್ದು 2023ರ ಜುಲೈ 18ಕ್ಕೆ, ಅಲ್ಲಿ ಮತದಾನ ನಡೆದದ್ದು ಸೆಪ್ಟೆಂಬರ್ 5ಕ್ಕೆ. ಕರ್ನಾಟಕದ ಕುಂದಗೋಳದಲ್ಲಿ ಸಿ.ಎಸ್. ಶಿವಳ್ಳಿ 2019ರ ಮಾರ್ಚಿನಲ್ಲಿ ಹೋದರು, ಮೇ 19ಕ್ಕೆ ಜನ ಬೂತಿನಲ್ಲಿದ್ದರು.

ಹಾಗಾದರೆ ಮಂಜೇಶ್ವರಕ್ಕೆ ಮಾತ್ರ ಒಂದು ವರ್ಷ ಯಾಕೆ ಹಿಡಿಯಿತು?

ಒಂದು ವರ್ಷವಲ್ಲ, ಒಂದು ವರ್ಷ ಒಂದು ದಿನ. ಸಾವು 2018ರ ಅಕ್ಟೋಬರ್ 20, ಮತದಾನ 2019ರ ಅಕ್ಟೋಬರ್ 21. ಕಾರಣ 89 ಮತಗಳು.

2016ರ ಚುನಾವಣೆಗೆ ಹೋಗೋಣ. ಅಬ್ದುಲ್ ರಝಾಕ್ ಅವರಿಗೆ 56,870 ಮತ. ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ಕಳೆದು ನೋಡಿ, 89. ನಮ್ಮ ಕಡೆ ಒಂದು ಮದುವೆಯ ಒಂದು ಪಂಕ್ತಿಗೆ ಇದಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಅದೇ ಚುನಾವಣೆಯಲ್ಲಿ ಸುರೇಂದ್ರನ್ ಅವರ ಹೆಸರನ್ನೇ ಹೋಲುವ ಇನ್ನೊಬ್ಬ ಅಭ್ಯರ್ಥಿಗೆ 467 ಮತ ಬಿದ್ದಿತ್ತು. ಈ 467ರ ಮೇಲೆ ಎಷ್ಟು ಹೋಟೆಲುಗಳಲ್ಲಿ ಎಷ್ಟು ಚಹಾ ಖರ್ಚಾಯಿತೋ ದೇವರಿಗೇ ಗೊತ್ತು.

ಸುರೇಂದ್ರನ್ ಕೇರಳ ಹೈಕೋರ್ಟಿಗೆ ಹೋದರು. ಊರಲ್ಲಿ ಇಲ್ಲದವರ ಹೆಸರಿನಲ್ಲಿ, ತೀರಿಕೊಂಡವರ ಹೆಸರಿನಲ್ಲಿ ಇನ್ನೂರಕ್ಕೂ ಹೆಚ್ಚು ಕಳ್ಳಮತ ಬಿದ್ದಿದೆ ಎಂಬುದು ಅವರ ದೂರು. ಸಾಕ್ಷಿ ಹೇಳಲು ಮತದಾರರಿಗೆ ಸಮನ್ಸ್ ಹೋಯಿತು. ಸತ್ತವರ ಪಟ್ಟಿಯಲ್ಲಿದ್ದ ಕೆಲವರು ಗಟ್ಟಿಮುಟ್ಟಾಗಿ ಮನೆಯಲ್ಲೇ ಕೂತು ಸಮನ್ಸಿಗೆ ಸಹಿ ಹಾಕಿದರು ಎಂದು ಆಗ ಪೇಪರಿನಲ್ಲಿ ಬಂದಿತ್ತು. ಅತ್ತ ವಿದೇಶದಲ್ಲಿ ಇರುವವರನ್ನು ಕೋರ್ಟಿಗೆ ಕರೆಸುವುದು ಸುಲಭವಾ? ಕೇಸು ಎಳೆಯಿತು.

ಅಷ್ಟರಲ್ಲಿ ಶಾಸಕರೇ ತೀರಿಕೊಂಡರು. ಆದರೆ ಕೇಸು ಬಾಕಿ ಇತ್ತು. ಗೆದ್ದವರ ಗೆಲುವು ರದ್ದಾಗಲಿ ಎಂದಷ್ಟೇ ಅಲ್ಲ, ನನ್ನನ್ನೇ ಗೆದ್ದವನೆಂದು ಘೋಷಿಸಿ ಎಂದೂ ಅರ್ಜಿದಾರರು ಕೇಳಿದ್ದರೆ ತೊಡಕು ಅಲ್ಲೇ. ಆಯೋಗ ಅವಸರದಲ್ಲಿ ಉಪಚುನಾವಣೆ ಮಾಡಿತು ಅಂತಿಟ್ಟುಕೊಳ್ಳಿ. ಹೊಸಬರು ಒಬ್ಬರು ಗೆದ್ದರು. ನಾಳೆ ಕೋರ್ಟು "2016ರಲ್ಲಿ ಗೆದ್ದದ್ದು ಅರ್ಜಿದಾರರೇ" ಎಂದರೆ? ಒಂದು ಕುರ್ಚಿ, ಇಬ್ಬರು ಶಾಸಕರು. ಹಾಗಾಗಿ ಇಂಥ ಕೇಸು ಬಾಕಿ ಇರುವ ಕಡೆ ಆಯೋಗ ಕಾಯುತ್ತದೆ.

ನನ್ನ ಮಾತು ಕೇಳಿದರೆ, ಕೇಸು ಹಾಕಿದ್ದು ತಪ್ಪಲ್ಲ. 89 ಮತದಲ್ಲಿ ಸೋತರೆ ಯಾರಾದರೂ ಹಾಕುತ್ತಾರೆ. ತಕರಾರು ಇರುವುದು ಹೊತ್ತಿನ ಬಗ್ಗೆ. ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಲು ಪ್ರಯತ್ನ ಮಾಡಬೇಕು ಎಂದು ಅದೇ ಕಾಯ್ದೆಯಲ್ಲಿದೆ. ಇಲ್ಲಿ ಎರಡು ವರ್ಷ ದಾಟಿಯೂ ಮುಗಿದಿರಲಿಲ್ಲ. ಚುನಾವಣೆಗೂ ಆರು ತಿಂಗಳು, ಕೇಸಿಗೂ ಆರು ತಿಂಗಳು. ನಮಗೆ ಎರಡೂ ಸಿಗಲಿಲ್ಲ.

ಗೆದ್ದವರೇ ತೀರಿಕೊಂಡ ಮೇಲೆ ಕೇಸು ಹೇಗೆ ಉಳಿಯುತ್ತದೆ?

ಸಾಮಾನ್ಯ ಜಗಳದ ಕೇಸಿನ ಹಾಗಲ್ಲ ಇದು. ಚುನಾವಣಾ ಅರ್ಜಿ ಎಂದರೆ ಇಡೀ ಕ್ಷೇತ್ರದ ವಿಷಯ. ಅರ್ಜಿ ಹಾಕಿದವರು ತೀರಿಕೊಂಡರೂ, ಎದುರು ಪಕ್ಷದವರು ತೀರಿಕೊಂಡರೂ ಕೋರ್ಟು ಗೆಜೆಟಿನಲ್ಲಿ ಪ್ರಕಟಣೆ ಕೊಡಿಸುತ್ತದೆ. ಅವರ ಜಾಗಕ್ಕೆ ಬರಲು ಬೇರೆಯವರಿಗೆ 14 ದಿನ ಅವಕಾಶ. ಅರ್ಜಿ ಹಾಕಿದವರೇ "ಬೇಡ, ವಾಪಸ್ ತಗೊಳ್ತೇನೆ" ಎಂದರೂ ಕೋರ್ಟಿನ ಅನುಮತಿ ಬೇಕು. ಸುಮ್ನೆ ಬಿಟ್ಟು ಹೋಗುವ ಹಾಗಿಲ್ಲ.

ಇಲ್ಲಿ ಆದದ್ದೂ ಅದೇ. ಮೊದಲು ಕೇಸು ಮುಂದುವರಿಸುತ್ತೇನೆ ಎಂದಿದ್ದ ಸುರೇಂದ್ರನ್, 2019ರಲ್ಲಿ ಹಿಂತೆಗೆದುಕೊಳ್ಳಲು ಅರ್ಜಿ ಕೊಟ್ಟರು. ಅದು ಇತ್ಯರ್ಥವಾಗುವಾಗ ಮಳೆಗಾಲ ಬಂದಿತ್ತು.

ಲೋಕಸಭಾ ಚುನಾವಣೆಯ ಜೊತೆಗೇ ಮುಗಿಸಬಹುದಿತ್ತಲ್ಲ?

ಎಲ್ಲರೂ ಹಾಗೇ ಅಂದುಕೊಂಡಿದ್ದೆವು. 2019ರ ಏಪ್ರಿಲ್ 23ಕ್ಕೆ ಲೋಕಸಭೆಗೆ ಓಟು ಹಾಕಿದೆವು. ಅದೇ ಬೂತು, ಅದೇ ಬೆಂಚು. ಪಕ್ಕದಲ್ಲಿ ಇನ್ನೊಂದು ಮೆಷಿನ್ ಇಟ್ಟಿದ್ದರೆ ಆಗಿಹೋಗುತ್ತಿತ್ತು. ಕೇಸು ಮುಗಿಯದ ಕಾರಣ ಆಗಲಿಲ್ಲ.

ಹೊಟ್ಟೆ ಉರಿಸಿದ್ದು ಪಾಲಾ. ಅಲ್ಲಿನ ಶಾಸಕ ಕೆ.ಎಂ. ಮಾಣಿ ತೀರಿಕೊಂಡದ್ದು 2019ರ ಏಪ್ರಿಲ್ 9ಕ್ಕೆ, ನಮ್ಮ ಶಾಸಕರು ಹೋಗಿ ಸುಮಾರು ಆರು ತಿಂಗಳ ನಂತರ. ಅಲ್ಲಿ ಸೆಪ್ಟೆಂಬರ್ 23ಕ್ಕೇ ಮತದಾನ ಮುಗಿಯಿತು. ನಮ್ಮದು ಮತ್ತೂ ಒಂದು ತಿಂಗಳು ಬಿಟ್ಟು, ಎರ್ನಾಕುಳಂ, ಅರೂರ್, ಕೋನ್ನಿ, ವಟ್ಟಿಯೂರ್‌ಕಾವ್ ಜೊತೆಗೆ. ಆ ನಾಲ್ಕು ಕಡೆ ಯಾರೂ ತೀರಿಕೊಂಡಿರಲಿಲ್ಲ. ಶಾಸಕರು ಲೋಕಸಭೆಗೆ ಗೆದ್ದು ದಿಲ್ಲಿಗೆ ಹೋಗಿದ್ದರು, ಅಷ್ಟೆ.

ಆ ಒಂದು ವರ್ಷ ಕ್ಷೇತ್ರವನ್ನು ನೋಡಿಕೊಂಡವರು ಯಾರು?

ಹಂಗಾಮಿ ಎಂಎಲ್‌ಎ ಎಂಬ ಹುದ್ದೆ ಕಾನೂನಿನಲ್ಲಿ ಇಲ್ಲ. ಪಂಚಾಯತು, ಬ್ಲಾಕು, ಜಿಲ್ಲಾ ಪಂಚಾಯತು, ಜಿಲ್ಲಾಧಿಕಾರಿ, ಸಂಸದರು ಎಲ್ಲರೂ ಇದ್ದರು. ರಸ್ತೆ, ನೀರು, ಪಿಂಚಣಿ ನಿಲ್ಲಲಿಲ್ಲ. ಹಳೆಯದಾಗಿ ಮಂಜೂರಾದ ಕೆಲಸ ನಡೆಯುತ್ತದೆ. ಇಲ್ಲದೇ ಹೋಗುವುದು ವಿಧಾನಸಭೆಯೊಳಗಿನ ದನಿ. ತಿರುವನಂತಪುರ ನಮಗೆ ಆರುನೂರು ಕಿಲೋಮೀಟರ್ ಹತ್ತಿರ ದೂರ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದರೆ, ಅರ್ಜಿ ಫಾರಂ ಬರೀ ಮಲಯಾಳದಲ್ಲಿ ಬಂದರೆ, ಅಲ್ಲಿ ಎದ್ದು ನಿಂತು ಕೇಳುವವರು ಒಬ್ಬರು ಬೇಕು. ಆ ಒಬ್ಬರೇ ಇರಲಿಲ್ಲ.

ತೀರಿಕೊಂಡವರ ಮನೆಯವರಿಗೇ ಟಿಕೆಟ್ ಕೊಡಬೇಕು ಎಂದಿದೆಯಾ?

ಇಲ್ಲ. ಅದು ಪಕ್ಷಗಳ ಅಭ್ಯಾಸ. ಕುಂದಗೋಳದಲ್ಲಿ ಶಿವಳ್ಳಿ ಅವರ ಹೆಂಡತಿ ಕುಸುಮಾ, ಗುಂಡ್ಲುಪೇಟೆಯಲ್ಲಿ ಮಹದೇವ ಪ್ರಸಾದ್ ಅವರ ಹೆಂಡತಿ ಗೀತಾ, ತೃಕ್ಕಾಕ್ಕರದಲ್ಲಿ ಪಿ.ಟಿ. ಥಾಮಸ್ ಅವರ ಹೆಂಡತಿ ಉಮಾ, ಪುದುಪ್ಪಳ್ಳಿಯಲ್ಲಿ ಉಮ್ಮನ್ ಚಾಂಡಿಯವರ ಮಗ ಗೆದ್ದರು. ಸಾವಿನ ಮನೆಯ ಕಣ್ಣೀರಿಗೆ ಓಟು ಬೀಳುತ್ತದೆ ಎಂಬ ಲೆಕ್ಕ ಅದು. ಮಂಜೇಶ್ವರದಲ್ಲಿ ಹಾಗಾಗಲಿಲ್ಲ. ಲೀಗು ನಿಲ್ಲಿಸಿದ್ದು ತೃಕ್ಕರಿಪುರ ಕಡೆಯ ಎಂ.ಸಿ. ಖಮರುದ್ದೀನ್ ಅವರನ್ನು. ಸ್ಥಳೀಯರಿಗೇ ಕೊಡಿ ಎಂಬ ಕೂಗು ಲೀಗಿನೊಳಗೇ ಎದ್ದಿತ್ತು.

ಯಾರು ಬೇಕಾದರೂ ನಿಲ್ಲಬಹುದಾ? ತಲಪಾಡಿಯ ಆಚೆಯವರು?

ವಿಧಾನಸಭೆಗೆ ನಿಲ್ಲಬೇಕಾದರೆ ಆ ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, 25 ವರ್ಷ ತುಂಬಿರಬೇಕು. ಹಾಗಾಗಿ ತೃಕ್ಕರಿಪುರದವರು ಇಲ್ಲಿ ನಿಲ್ಲಬಹುದು. ಮನೆ ಗಡಿಯಿಂದ ಕೂಗಳತೆಯಲ್ಲಿದ್ದರೂ ಕರ್ನಾಟಕದ ಪಟ್ಟಿಯಲ್ಲಿ ಹೆಸರಿರುವವರು ನಿಲ್ಲುವಂತಿಲ್ಲ. ತಮಾಷೆ ಎಂದರೆ ಅದೇ ಮನುಷ್ಯ ಕಾಸರಗೋಡು ಲೋಕಸಭೆಗೆ ಬೇಕಾದರೆ ನಿಲ್ಲಬಹುದು. ಅಲ್ಲಿ ದೇಶದ ಯಾವ ಪಟ್ಟಿಯಲ್ಲಿದ್ದರೂ ನಡೆಯುತ್ತದೆ.

ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅರ್ಧ. ಬಿದ್ದ ಮತದಲ್ಲಿ ಆರರಲ್ಲೊಂದು ಪಾಲಿಗಿಂತ ಜಾಸ್ತಿ ಬಾರದಿದ್ದರೆ ಠೇವಣಿ ಹೋಯಿತು.

ಕೇಸು ಹಾಕಿದ್ದ ಸುರೇಂದ್ರನ್ ಅವರೇ ನಿಂತರಾ?

ಇಲ್ಲ! ಅವರು ಕೋನ್ನಿಗೆ ಹೋದರು. ಇಲ್ಲಿ ಬಿಜೆಪಿಯಿಂದ ನಿಂತವರು ರವೀಶ ತಂತ್ರಿ ಕುಂಟಾರು. ಎಡರಂಗದಿಂದ ಸಿಪಿಎಂನ ಎಂ. ಶಂಕರ ರೈ, ಯಕ್ಷಗಾನದ ನಂಟಿದ್ದವರು. ಮೂವರಲ್ಲಿ ಇಬ್ಬರು ತುಳು, ಕನ್ನಡದವರು. ಆ ಸಲದ ಪ್ರಚಾರ ಕೇಳಲು ಚೆನ್ನಾಗಿತ್ತು ಅನ್ನಬೇಕು. ಒಂದು ಜೀಪಿನಲ್ಲಿ ಮಲಯಾಳ, ಹಿಂದಿನದರಲ್ಲಿ ಕನ್ನಡ, ಮನೆ ಜಗಲಿಗೆ ಬಂದರೆ ತುಳು, ಇಲ್ಲವಾದರೆ ಬ್ಯಾರಿ.

ಕೊನೆಗೆ ಏನಾಯಿತು?

ಅಕ್ಟೋಬರ್ 24ಕ್ಕೆ ಎಣಿಕೆ. ಖಮರುದ್ದೀನ್ 65,407, ರವೀಶ ತಂತ್ರಿ 57,484, ಶಂಕರ ರೈ 38,233. ಅಂತರ 7,923.

2016ರ ಪಕ್ಕದಲ್ಲಿ ಇಟ್ಟು ನೋಡಿದರೆ ಒಳಗಿನ ಕತೆ ಕಾಣುತ್ತದೆ. ಬಿಜೆಪಿಯ ಮತ ಕಡಿಮೆಯಾಗಲಿಲ್ಲ, 703 ಜಾಸ್ತಿಯೇ ಆಯಿತು. ಲೀಗಿಗೆ 8,537 ಹೆಚ್ಚಿತು. ಸಿಪಿಎಂಗೆ 4,332 ಕಡಿಮೆಯಾಯಿತು. ಆ ಪಕ್ಷಕ್ಕೆ ಮಂಜೇಶ್ವರ ಸಿಗದ ಹಣ್ಣೇನಲ್ಲ. 2006ರಲ್ಲಿ ಸಿ.ಎಚ್. ಕುಂಞಂಬು ಇಲ್ಲಿ ಗೆದ್ದಿದ್ದರು, ಅದಕ್ಕಿಂತ ಹಿಂದೆ ಸಿಪಿಐಯ ಎಂ. ರಾಮಪ್ಪ, ಡಾ. ಎ. ಸುಬ್ಬರಾವ್ ಗೆದ್ದಿದ್ದರು. ಆದರೆ ಮೇಲಿನ ಇಬ್ಬರ ಜಗಳ ಬಿಗಿಯಾದಷ್ಟೂ ಮೂರನೆಯವರ ಮತ ಸೋರುತ್ತದೆ. 89ರ ನೆನಪು ಇನ್ನೂ ಹಸಿಯಿತ್ತಲ್ಲ. ಇದು ನನ್ನ ಓದು, ನಿಮ್ಮದು ಬೇರೆ ಇರಬಹುದು.

7,923 ನೋಡಿ "ಇನ್ನು ಇದು ಲೀಗಿನ ಭದ್ರಕೋಟೆ" ಎಂದವರು 2021ರಲ್ಲಿ ಬಾಯಿ ಮುಚ್ಚಿಕೊಂಡರು. ಆ ಸಲ ಸುರೇಂದ್ರನ್ ವಾಪಸ್ ಬಂದರು. ಲೀಗಿನ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ಮತದಲ್ಲಿ.

ಉಪಚುನಾವಣೆಯಲ್ಲಿ ಗೆದ್ದವರಿಗೆ ಐದು ವರ್ಷ ಸಿಗುತ್ತದಾ?

ಸಿಗುವುದಿಲ್ಲ. ಉಳಿದ ಅವಧಿ ಮಾತ್ರ. 2016ರ ವಿಧಾನಸಭೆಯ ಅವಧಿ 2021ಕ್ಕೆ ಮುಗಿಯಬೇಕು, ಹಾಗಾಗಿ ಹೊಸಬರಿಗೆ ಸಿಕ್ಕಿದ್ದು ಒಂದೂವರೆ ವರ್ಷದಷ್ಟು. ಹೋದ ಒಂದು ವರ್ಷವನ್ನು ಯಾರೂ ಸೇರಿಸಿ ಕೊಡಲಿಲ್ಲ.

ಪ್ರಚಾರದ ನಡುವೆ ಅಭ್ಯರ್ಥಿಯೇ ತೀರಿಕೊಂಡರೆ?

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯಾದರೆ ಮತದಾನವನ್ನೇ ಮುಂದೂಡುತ್ತಾರೆ, ಬೇರೆಯವರನ್ನು ನಿಲ್ಲಿಸಲು ಆ ಪಕ್ಷಕ್ಕೆ ಏಳು ದಿನ ಕೊಡುತ್ತಾರೆ. 2018ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಹೀಗಾಗಿ ಮತದಾನ ಜೂನ್ 11ಕ್ಕೆ ಹೋಯಿತು. ಅದನ್ನು ಉಪಚುನಾವಣೆ ಅನ್ನುವುದಿಲ್ಲ. ಪಕ್ಷೇತರರು ತೀರಿಕೊಂಡರೆ ಮುಂದೂಡುವುದಿಲ್ಲ.

ಇದರಲ್ಲಿ ಕನ್ನಡ ಎಲ್ಲಿದೆ?

ಮೊದಲು ಮೆಷಿನಿನ ಮೇಲೆ. ನಮ್ಮ ಕಡೆ ಅಭ್ಯರ್ಥಿಗಳ ಹೆಸರು ಮಲಯಾಳದ ಜೊತೆ ಕನ್ನಡದಲ್ಲೂ ಇರುತ್ತದೆ. ನನ್ನ ಅಜ್ಜಿಗೆ ಮಲಯಾಳ ಅಕ್ಷರ ಬರುತ್ತಿರಲಿಲ್ಲ. ಚಿಹ್ನೆ ನೋಡಿ ಒತ್ತಿದರೂ ಆಗುತ್ತಿತ್ತು, ಆದರೆ ಅವರು ಹೆಸರು ಓದಿಯೇ ಒತ್ತಬೇಕು. ಒಳಗೆ ಹೊತ್ತು ಹಿಡಿಯುತ್ತಿದ್ದರು, ಹೊರಗೆ ಸಾಲು ಗೊಣಗುತ್ತಿತ್ತು.

ಆಮೇಲೆ ಪ್ರಮಾಣವಚನ. ಶಾಸಕರು ಕನ್ನಡದಲ್ಲಿ ಪ್ರಮಾಣ ತೆಗೆದುಕೊಳ್ಳಬಹುದು. 2021ರಲ್ಲಿ ಅಶ್ರಫ್ ಕನ್ನಡದಲ್ಲೇ ತೆಗೆದುಕೊಂಡರು, ಇಲ್ಲಿ ಪಕ್ಷ ಮರೆತು ಜನ ಖುಷಿಪಟ್ಟರು. ಅನುವಾದ ಮಾತ್ರ ಸರಿ ಇರಬೇಕು. ಅದೇ ಸಲ ದೇವಿಕುಳಂನ ಎ. ರಾಜಾ ತಮಿಳಿನಲ್ಲಿ ಪ್ರಮಾಣ ಮಾಡಿದರು. ಅವರಿಗೆ ಕೊಟ್ಟ ತಮಿಳು ಪಾಠದಲ್ಲಿ ಮಾತು ಬಿಟ್ಟುಹೋಗಿದ್ದರಿಂದ ಮತ್ತೊಮ್ಮೆ ಮಾಡಬೇಕಾಯಿತು.

ಸದನದಲ್ಲೂ ಸ್ಪೀಕರ್ ಒಪ್ಪಿದರೆ ತಾಯ್ನುಡಿಯಲ್ಲಿ ಮಾತಾಡಬಹುದು, ಸಂವಿಧಾನದ 210ನೇ ವಿಧಿಯಲ್ಲಿ ಅವಕಾಶವಿದೆ. ಈ ಕ್ಷೇತ್ರಕ್ಕೆ ಭಾಷೆಯ ಮಾತು ಹೊಸದಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷದ ಮೊದಲ ವಿಧಾನಸಭಾ ಚುನಾವಣೆಯಲ್ಲೇ ಮಂಜೇಶ್ವರದಿಂದ ಪಕ್ಷೇತರರಾಗಿ ಎಂ. ಉಮೇಶ್ ರಾವ್ ಅವಿರೋಧವಾಗಿ ಆಯ್ಕೆಯಾದರು. ಆಮೇಲೆ ಕೆ. ಮಹಾಬಲ ಭಂಡಾರಿ ಅವರ ಕಾಲ. 89, 745ರ ಊರಿನಲ್ಲಿ ಎದುರಾಳಿಯೇ ಇಲ್ಲದ ಚುನಾವಣೆಯೂ ನಡೆದಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ.

ಮಂಗಳೂರಿನಲ್ಲಿ ಬಾಡಿಗೆ ಮನೆ, ಪೈವಳಿಕೆಯಲ್ಲಿ ಸ್ವಂತ ಮನೆ. ಎರಡೂ ಕಡೆ ಓಟು ಇರಬಹುದಾ?

ಇರಬಾರದು. ಒಂದೇ ಕಡೆ. ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು ಎಂದಿದೆ. ಗಡಿಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವವರು ಇದ್ದಾರೆ, "ಎರಡೂ ಬೇರೆ ರಾಜ್ಯ ಅಲ್ವಾ" ಎನ್ನುತ್ತಾರೆ. ರಾಜ್ಯ ಎರಡಾದರೂ ಕಾಯ್ದೆ ಒಂದೇ. ಮನೆ ಬದಲಿಸಿದ್ದರೆ 8ನೇ ನಮೂನೆ, ಹೊಸ ಹೆಸರಿಗೆ 6ನೇ ನಮೂನೆ. ನಾಮಪತ್ರದ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಉಪಚುನಾವಣೆಯಲ್ಲಿ ಅಧಿಸೂಚನೆಯಿಂದ ನಾಮಪತ್ರ ಮುಗಿಯಲು ಬರೀ ಏಳು ದಿನ, ಹಾಗಾಗಿ ಸುದ್ದಿ ಕೇಳಿದ ಕೂಡಲೇ ಹೆಸರು ಇದೆಯಾ ನೋಡಿಕೊಳ್ಳಿ.

ಗಲ್ಫಿನಲ್ಲಿ ಇರುವವರು?

6ಎ ನಮೂನೆ ತುಂಬಿಸಿ ಪ್ರವಾಸಿ ಮತದಾರರಾಗಬಹುದು. ಆದರೆ ಓಟು ಹಾಕಲು ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು. ಅಲ್ಲಿಂದ ಕಳಿಸುವ ವ್ಯವಸ್ಥೆ ಅವರಿಗಿಲ್ಲ.

ನೀತಿಸಂಹಿತೆ ಎಲ್ಲಿಯವರೆಗೆ?

ಸಾಮಾನ್ಯವಾಗಿ ಕ್ಷೇತ್ರ ಇರುವ ಇಡೀ ಜಿಲ್ಲೆಗೆ. ಹಾಗಾಗಿ ಮಂಜೇಶ್ವರದ ಚುನಾವಣೆಗೆ ಚೆರುವತ್ತೂರಿನ ಶಿಲಾನ್ಯಾಸವೂ ಕಾಯಬೇಕಾಗುತ್ತದೆ. ತಲಪಾಡಿ ದಾಟಿದರೆ ಅನ್ವಯಿಸುವುದಿಲ್ಲ. ಈಚೆ ಫ್ಲೆಕ್ಸ್ ಕಿತ್ತ ಕಂಬ, ಆಚೆ ಮಂತ್ರಿಗಳ ನಗುಮುಖ. ಬಸ್ಸಿನ ಕಿಟಕಿಯಲ್ಲಿ ಕೂತರೆ ಗಡಿ ಎಲ್ಲಿ ಎಂದು ಕೇಳಬೇಕಿಲ್ಲ.

ಮಂಗಳೂರಿನ ಕಂಪನಿ ರಜೆ ಕೊಡಬೇಕಾ?

ಕೊಡಬೇಕು, ಸಂಬಳ ಕಡಿಯದೆ. 135ಬಿ ಕಲಂ. ದಿನಗೂಲಿಯವರಿಗೂ ಇದೆ. ಆ ದಿನ ಮಂಗಳೂರಿನಲ್ಲಿ ಚುನಾವಣೆ ಇಲ್ಲದಿದ್ದರೂ ನೀವು ಇಲ್ಲಿನ ಮತದಾರರಾಗಿದ್ದರೆ ಸಾಕು. ಕೊಡದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ. ಒಂದು ದಿನದ ಕೆಲಸದ ಮುಂದೆ ಐನೂರು ಯಾವ ಲೆಕ್ಕ? ನನಗೆ ಆ ಸಲ ಸಿಕ್ಕಿದ್ದು ಅರ್ಧ ದಿನ. "ನಿಮ್ಮದು ಸಣ್ಣ ಚುನಾವಣೆ ಅಲ್ವಾ" ಎಂದರು ಮೇಲಿನವರು. ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತು, ಓಟು ಹಾಕಿ, ಹೊಸಂಗಡಿಯಲ್ಲಿ ಬಸ್ಸು ಹಿಡಿದೆ.

ಬೆರಳಿನಲ್ಲಿ ಹಳೆಯ ಶಾಯಿ ಉಳಿದಿದ್ದರೆ?

ಎಡಗೈಯ ತೋರುಬೆರಳಿಗೆ ಹಾಕುವುದು ನಿಯಮ. ಎರಡು ಚುನಾವಣೆ ಹತ್ತಿರ ಹತ್ತಿರ ಬಂದರೆ ಬೇರೆ ಬೆರಳಿಗೆ ಹಾಕಿ ಎಂದು ಮೊದಲೇ ಆದೇಶ ಬರುತ್ತದೆ. 2019ರಲ್ಲಿ ಏಪ್ರಿಲಿಗೂ ಅಕ್ಟೋಬರಿಗೂ ನಡುವೆ ಆರು ತಿಂಗಳಿತ್ತು, ಅಷ್ಟರಲ್ಲಿ ಹಳೆಯ ಶಾಯಿ ಉಗುರಿನ ಜೊತೆ ಬೆಳೆದು ಹೋಗಿತ್ತು. ಅಂದಹಾಗೆ ಆ ಶಾಯಿ ಬರುವುದು ಮೈಸೂರಿನ ಕಾರ್ಖಾನೆಯಿಂದ. ಆಫೀಸಿನಲ್ಲಿ ಬೆರಳು ತೋರಿಸಿ ಇದನ್ನು ಹೇಳಿದರೆ, "ಹಾಗಾದ್ರೆ ಈಗ ನಿಮ್ಮ ಎಂಎಲ್‌ಎ ಯಾರು?" ಎಂದರು. "ಮೂರು ದಿನ ತಡೀರಿ, ಹೇಳ್ತೇನೆ" ಎಂದೆ.